ಕತೆಯಲ್ಲಿ ಊರಿನ ದಾದಾನನ್ನು ಬರೆಯುವುದು ಹೇಗೆ: ವಕೀಲರ ಗುಮಾಸ್ತನ ಕೆಲವು ಸಲಹೆ

ಕಾಸರಗೋಡಿನ ವಿದ್ಯಾನಗರ ಕೋರ್ಟಿನಲ್ಲಿ ನಾನು ವಕೀಲರೊಬ್ಬರ ಗುಮಾಸ್ತ. ಕತೆ, ನಾಟಕ ಬರೆಯುವ ಹುಡುಗರು ಆಗಾಗ ಕಾಗದದ ಕಟ್ಟು ಹಿಡಿದು ಬರುತ್ತಾರೆ. ನಾನು ಸಾಹಿತಿ ಅಂತ ಅಲ್ಲ. 'ಕೋರ್ಟಿನ ಭಾಗ ಸರಿ ಉಂಟಾ ನೋಡಿ ಕೊಡಿ ಅಣ್ಣ' ಅಂತ. ಕೋರ್ಟಿನ ಭಾಗವನ್ನು ಹೇಗೂ ಸರಿ ಮಾಡಬಹುದು. ಕೆಟ್ಟಿರುವುದು ದಾದಾನ ಭಾಗ. ಅವನು ಕಪ್ಪು ಸ್ಕಾರ್ಪಿಯೋದಿಂದ ಇಳಿಯುತ್ತಾನೆ, ಸಿಗರೇಟು ಹಚ್ಚುತ್ತಾನೆ, ಒಂದು ಡೈಲಾಗ್ ಹೊಡೆಯುತ್ತಾನೆ, ಯಾರೋ ಸಾಯುತ್ತಾರೆ. ಇವನು ಬೊಂಬಾಯಿಯವನು. ನಮ್ಮ ಕುಂಬಳೆ, ಪೆರ್ಲ, ಮುಳ್ಳೇರಿಯದಂಥ ಪೇಟೆಗೆ ಇವನನ್ನು ತಂದು ಬಿಟ್ಟರೆ ಒಂದು ವಾರ ತಾಳುವುದಿಲ್ಲ. ಇಲ್ಲಿ ಎಲ್ಲರಿಗೂ ಅವನ ಅಮ್ಮನ ಪರಿಚಯ ಇರುತ್ತದೆ.

ಹಾಗಾಗಿ ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನಮ್ಮ ಆಫೀಸಿನ ಯಾವ ಕಕ್ಷಿದಾರನ ಕತೆಯೂ ಇದರಲ್ಲಿ ಇಲ್ಲ. ಹುಡುಕಲು ಹೋಗಬೇಡಿ.

ಮೊದಲು ಅವನ ಲೆಕ್ಕ ಬರೆಯಿರಿ

ಪಾತ್ರದ ಮೀಸೆ, ಅಂಗಿ, ಚೈನು ಎಲ್ಲ ಆಮೇಲೆ. ಒಂದು ಹಾಳೆಯಲ್ಲಿ ಅವನ ಒಂದು ತಿಂಗಳ ಜಮಾ ಖರ್ಚು ಬರೆಯಿರಿ. ಜಮಾ ಕಡೆ ಏನೇನು ಬರುತ್ತದೆ? ಬಡ್ಡಿ. ಹೊಯ್ಗೆ, ಅಂದರೆ ನದಿಯ ಮರಳು. ಜಾಗದ ತಕರಾರು ಮುಗಿಸಿಕೊಟ್ಟದ್ದರ ಕಮಿಷನ್. ಯಾರದೋ ಬಾಕಿ ವಸೂಲಿ ಮಾಡಿಕೊಡುವ ಗುತ್ತಿಗೆ, ಇಲ್ಲಿಯ ಮಾತಿನಲ್ಲಿ ಕೊಟೇಶನ್. ಧೈರ್ಯ ಇದ್ದರೆ ಚಿನ್ನ.

ಖರ್ಚಿನ ಕಡೆ ಪಟ್ಟಿ ಇನ್ನೂ ಉದ್ದ. ಹುಡುಗರ ಬೈಕಿಗೆ ಪೆಟ್ರೋಲು, ಅವರ ಪರೋಟ, ಅವರ ಮೊಬೈಲ್ ಕಂತು. ವಕೀಲರ ಫೀಸು. ಒಬ್ಬ ಹುಡುಗನ ತಂಗಿಯ ಮದುವೆಗೆ ಉಡುಗೊರೆ, ಇನ್ನೊಬ್ಬನ ಅಪ್ಪನ ಆಸ್ಪತ್ರೆ ಬಿಲ್ಲು. ಕ್ಲಬ್ಬಿನ ಕಬಡ್ಡಿ ಪಂದ್ಯಕ್ಕೆ ಮೊದಲ ಬಹುಮಾನ ಅವನದೇ. ಬ್ರಹ್ಮಕಲಶಕ್ಕೂ ರಶೀದಿ, ಉರೂಸಿಗೂ ರಶೀದಿ. ಇಲ್ಲ ಅನ್ನುವ ಹಾಗಿಲ್ಲ. ಒಂದು ಸಲ ಇಲ್ಲ ಅಂದರೆ 'ಈಗ ಅವನ ಕೈ ಖಾಲಿ ಅಂತೆ' ಎಂಬ ಸುದ್ದಿ ಸಂಜೆಯೊಳಗೆ ಪೇಟೆ ಇಡೀ ತಿರುಗುತ್ತದೆ. ಆ ಸುದ್ದಿಯಷ್ಟು ಹೆದರಿಕೆ ಅವನಿಗೆ ತಲವಾರಿನದ್ದೂ ಇಲ್ಲ.

ಈ ಲೆಕ್ಕ ಸಾಮಾನ್ಯವಾಗಿ ತಾಳೆ ಆಗುವುದಿಲ್ಲ. ಖರ್ಚೇ ಜಾಸ್ತಿ. ಅಲ್ಲಿ ನಿಮ್ಮ ಕತೆ ಶುರು ಆಗುತ್ತದೆ.

ಹೊಯ್ಗೆ ಬರೆಯುವುದಾದರೆ ನದಿಯ ಹೆಸರು ಬರೆಯಿರಿ. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ. ಕೇರಳದಲ್ಲಿ ನದಿಯಿಂದ ಮರಳು ತೆಗೆಯಲು 2001 ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಹಾಗಾಗಿ ಕೆಲಸ ರಾತ್ರಿ. ಎಲ್ಲರೂ ಟಿಪ್ಪರ್ ಡ್ರೈವರನ್ನು ಹೀರೋ ಮಾಡುತ್ತಾರೆ. ನೀವು ಅಡ್ಡರಸ್ತೆಯ ಬಸ್‌ಸ್ಟಾಪಿನಲ್ಲಿ ಬೈಕ್ ಆಫ್ ಮಾಡಿ ಕೂತಿರುವ ಹತ್ತೊಂಬತ್ತರ ಹುಡುಗನನ್ನು ನೋಡಿ. ಸ್ಟೇಷನ್‌ನಿಂದ ಜೀಪು ಹೊರಟರೆ ಫೋನ್ ಮಾಡುವುದಷ್ಟೇ ಅವನ ಕೆಲಸ. ರಾತ್ರಿ ಇಡೀ ಸೊಳ್ಳೆ ಹೊಡೆದುಕೊಂಡು ಕೂರುತ್ತಾನೆ. ಬೆಳಿಗ್ಗೆ ಐಟಿಐ ಕ್ಲಾಸಿನಲ್ಲಿ ತೂಕಡಿಸುತ್ತಾನೆ. ಅವನನ್ನು ಮರೆಯಬೇಡಿ, ಕೊನೆಯಲ್ಲಿ ಬೇಕಾಗುತ್ತಾನೆ.

ಚಿನ್ನ ಬರೆಯುವುದಾದರೆ ಇಸವಿ ಮೊದಲು ತೀರ್ಮಾನಿಸಿ. ಇದು ಯಾರಿಗೂ ಹೊಳೆಯುವುದಿಲ್ಲ. ಚಿನ್ನದ ಕಳ್ಳಸಾಗಣೆಯ ಲಾಭ ಅಂದರೆ ಹೆಚ್ಚುಕಡಿಮೆ ಉಳಿಸಿದ ಸುಂಕವೇ. 2013 ರಲ್ಲಿ ಆಮದು ಸುಂಕ ಶೇ. 10 ಕ್ಕೆ ಏರಿತು. 2022 ರ ಜುಲೈಯಲ್ಲಿ ಶೇ. 15 ಆಯಿತು. 2024 ರ ಜುಲೈ ಬಜೆಟ್ಟಿನಲ್ಲಿ ಶೇ. 6 ಕ್ಕೆ ಇಳಿಯಿತು. ಒಂದು ಕಿಲೋಗೆ 70 ಲಕ್ಷ ಅಂತ ಇಟ್ಟುಕೊಳ್ಳಿ. ಶೇ. 15 ಇದ್ದಾಗ ಹತ್ತೂವರೆ ಲಕ್ಷ ಉಳಿಯುತ್ತಿತ್ತು. ಶೇ. 6 ಆದ ಮೇಲೆ ನಾಲ್ಕು ಲಕ್ಷ ಇಪ್ಪತ್ತು ಸಾವಿರ. ಅದರಲ್ಲೇ ಚಿನ್ನ ಹೊತ್ತು ತರುವ ಕ್ಯಾರಿಯರ್‌ಗೆ, ಟಿಕೆಟ್ಟಿಗೆ, ಏರ್‌ಪೋರ್ಟಿನ ಹೊರಗೆ ಕಾಯುವವನಿಗೆ. 2024 ರ ಕೊನೆಯಲ್ಲಿ ನಡೆಯುವ ಕತೆಯಲ್ಲಿ ಚಿನ್ನದಿಂದ ಬಂಗಲೆ ಕಟ್ಟಿಸುವ ದಾದಾ ಬಂದರೆ ನಾನು ಅಲ್ಲೇ ಓದು ನಿಲ್ಲಿಸುತ್ತೇನೆ.

ಚಿನ್ನದ ದಾರಿಯಲ್ಲಿ ಇನ್ನೊಂದು ಸಂಗತಿ ಉಂಟು. ತಂದ ಚಿನ್ನವನ್ನು ಕ್ಯಾರಿಯರೇ ಲಪಟಾಯಿಸುತ್ತಾನೆ, ಇಲ್ಲವೇ ದಾರಿಯಲ್ಲಿ ಬೇರೆ ತಂಡ ಕಿತ್ತುಕೊಳ್ಳುತ್ತದೆ. ಕಳಕೊಂಡವನು ಸ್ಟೇಷನ್ನಿಗೆ ಹೋಗಿ 'ನನ್ನ ಕಳ್ಳ ಚಿನ್ನ ಕಳವಾಯಿತು' ಅನ್ನಲಿಕ್ಕೆ ಆಗುತ್ತದಾ? ಆಗ ಅವನಿಗೆ ದಾದಾ ಬೇಕು. ಲೈಸೆನ್ಸ್ ಇಲ್ಲದೆ ಬಡ್ಡಿಗೆ ಕೊಟ್ಟವನಿಗೂ ಅದೇ ಕತೆ, ದಾಖಲೆ ಇಲ್ಲದೆ ಜಾಗಕ್ಕೆ ಮುಂಗಡ ಕೊಟ್ಟವನಿಗೂ ಅದೇ. ಎಲ್ಲೆಲ್ಲಿ ಪೊಲೀಸರಿಗೆ ಕೊಡಲಾಗದ ದೂರು ಇರುತ್ತದೋ ಅಲ್ಲೆಲ್ಲ ಅವನಿಗೆ ಗಿರಾಕಿ. ನಿಮ್ಮ ಪೇಟೆಯಲ್ಲಿ ಅಂಥ ದೂರು ಯಾರ ಯಾರ ಹತ್ತಿರ ಇವೆ ಅಂತ ಮೊದಲು ಯೋಚಿಸಿ. ದಾದಾ ತಾನಾಗಿ ಹುಟ್ಟುತ್ತಾನೆ.

ಅವನ ಆಯುಧ ಚೆಕ್ಕು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನನ್ನ ಮೇಜಿನ ಮೇಲೆ ದಿನಾ ಬೀಳುವ ಕಾಗದ ಇದೇ.

ಒಬ್ಬ ಬೇಕರಿಯವನನ್ನು ತೆಗೆದುಕೊಳ್ಳಿ. ಮಳೆಗಾಲದಲ್ಲಿ ವ್ಯಾಪಾರ ಬಿದ್ದಿದೆ, ಬಾಡಿಗೆ ಬಾಕಿ. ಒಂದು ಲಕ್ಷ ಬೇಕು. ದಾದಾನ ಕಡೆಯವನು ತೊಂಬತ್ತು ಸಾವಿರ ಎಣಿಸಿ ಕೊಡುತ್ತಾನೆ, ಹತ್ತು ಸಾವಿರ ಮೊದಲೇ ಮುರಿದುಕೊಳ್ಳುತ್ತಾನೆ. ದಿನಕ್ಕೆ ಒಂದು ಸಾವಿರದಂತೆ ನೂರು ದಿನ ಕಟ್ಟಬೇಕು. ತಪ್ಪಿದ ದಿನಕ್ಕೆ ಬಡ್ಡಿ ಬೇರೆ, ಅದೇ ಮೀಟರ್. ಭದ್ರತೆಗೆ ಸಹಿ ಮಾಡಿದ ಎರಡು ಖಾಲಿ ಚೆಕ್ಕು, ಒಂದು ಬೇಕರಿಯವನದು, ಒಂದು ಅವನ ಹೆಂಡತಿಯದು. ಕೆಳಗೆ ಸಹಿ ಹಾಕಿದ ಖಾಲಿ ಮುದ್ರಾಪತ್ರ. ಸ್ಕೂಟರಿನ ಆರ್‌ಸಿ.

ನಲ್ವತ್ತನೇ ದಿನ ಹಣ ನಿಲ್ಲುತ್ತದೆ. ಇಲ್ಲಿ ನಿಮ್ಮ ಕತೆಯಲ್ಲಿ ತಲವಾರು ಬರುತ್ತದೆ. ನಿಜವಾಗಿ ಬರುವುದು ಅಂಚೆಯಣ್ಣ, ನೋಟೀಸಿನ ಲಕೋಟೆಯ ಜೊತೆ.

ಯಾಕೆಂದರೆ ದಾದಾ ಆ ಚೆಕ್ಕಿನಲ್ಲಿ ಐದು ಲಕ್ಷ ಅಂತ ಬರೆಸಿ, ತನ್ನ ಭಾವನ ಹೆಸರು ಹಾಕಿಸಿ, ಬ್ಯಾಂಕಿಗೆ ಹಾಕಿಸಿದ್ದಾನೆ. ತಾರೀಕು ಹಾಕಿದ ಚೆಕ್ಕಿಗೆ ಮೂರು ತಿಂಗಳ ಆಯುಷ್ಯ. ತಾರೀಕೇ ಇಲ್ಲದ ಚೆಕ್ಕಿಗೆ ಅವನು ಇಷ್ಟಪಟ್ಟಷ್ಟು. ಖಾತೆಯಲ್ಲಿ ಹಣ ಇಲ್ಲ, ಚೆಕ್ಕು ವಾಪಸ್. ಬ್ಯಾಂಕಿನ ಚೀಟಿ ಬಂದ 30 ದಿನದೊಳಗೆ ವಕೀಲರ ನೋಟೀಸು. ನೋಟೀಸು ಮುಟ್ಟಿದ ಮೇಲೆ ಹಣ ಕಟ್ಟಲು 15 ದಿನ. ಕಟ್ಟದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ಸೆಕ್ಷನ್ 138, ಎಲ್ಲರ ಬಾಯಲ್ಲಿ ಚೆಕ್ ಕೇಸು. ಎರಡು ವರ್ಷದವರೆಗೆ ಶಿಕ್ಷೆ, ಇಲ್ಲವೇ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. 2018 ರ ತಿದ್ದುಪಡಿ ಆದ ಮೇಲೆ ಕೇಸು ನಡೆಯುತ್ತಿರುವಾಗಲೇ ಚೆಕ್ಕಿನ ಮೊತ್ತದ ಶೇ. 20 ರವರೆಗೆ ಕಟ್ಟು ಅಂತ ಕೋರ್ಟು ಹೇಳಬಹುದು.

ಆ ಚೆಕ್ಕನ್ನು ಹತ್ತಿರದಿಂದ ನೋಡಿ. ಸಹಿ ನೀಲಿ ಶಾಯಿ, ಸ್ವಲ್ಪ ನಡುಗಿದೆ, ಬಲಕ್ಕೆ ಏರಿದೆ. ಮೊತ್ತ, ಹೆಸರು, ತಾರೀಕು ಕಪ್ಪು ಶಾಯಿ, ಗುಂಡಗಿನ ಶಾಲೆ ಅಕ್ಷರ. ಬರೆದವನು ಬೇರೆ ಅಂತ ಮಕ್ಕಳಿಗೂ ಗೊತ್ತಾಗುತ್ತದೆ. ಆದರೆ ಕಾನೂನು ಮೊದಲು ಚೆಕ್ಕು ಹಿಡಿದವನನ್ನು ನಂಬುತ್ತದೆ. ಸಾಲಕ್ಕಾಗಿಯೇ ಕೊಟ್ಟದ್ದು ಅಂತ ಇಟ್ಟುಕೊಂಡು ಶುರು ಮಾಡುತ್ತದೆ. ಅಲ್ಲ ಅಂತ ತೋರಿಸುವ ಹೊಣೆ ಬೇಕರಿಯವನದು.

ಈಗ ಕೋರ್ಟಿನ ಜಗಲಿ ಬರೆಯಿರಿ. ಆರೋಪಿ ಯಾರು? ಬೇಕರಿಯವನು, ಜೀವಮಾನದಲ್ಲಿ ಮೊದಲ ಸಲ. ದೂರುದಾರ ಯಾರು? ದಾದಾನ ಭಾವ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ದಾದಾ ಬಂದೇ ಇಲ್ಲ. ವಸೂಲಿ ಕೆಲಸವನ್ನು ಸರಕಾರವೇ ಮಾಡಿಕೊಡುತ್ತಿರುವಾಗ ಅವನು ಯಾಕೆ ಬರಬೇಕು? ನನಗೆ ಕೇಳಿದರೆ ಹತ್ತು ಹೊಡೆದಾಟದ ಸೀನಿಗಿಂತ ಈ ಜಗಲಿ ಭಯಂಕರ.

ಬೇಕರಿಯವನಿಗೆ ದಾರಿ ಇಲ್ಲ ಅಂತ ಅಲ್ಲ. ಅವನ ಪರ ವಕೀಲರು ಕೇಳುವ ಮೊದಲ ಪ್ರಶ್ನೆ, 'ಐದು ಲಕ್ಷ ಕೊಡುವಷ್ಟು ಹಣ ನಿಮ್ಮ ಹತ್ತಿರ ಎಲ್ಲಿಂದ ಬಂತು?' ಆ ಭಾವ ಪೇಂಟಿಂಗ್ ಕೆಲಸದವನು, ಆದಾಯ ತೆರಿಗೆ ಕಟ್ಟಿದವನೇ ಅಲ್ಲ. ಸಾಲ ಕೊಟ್ಟವನಿಗೆ ಅಷ್ಟು ತಾಕತ್ತಿತ್ತೇ ಅಂತ ಕೇಳಬಹುದು ಎಂದು 2019 ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಇನ್ನು ಕೇರಳದಲ್ಲಿ ಲೈಸೆನ್ಸ್ ಇಲ್ಲದ ಬಡ್ಡಿ ವ್ಯಾಪಾರ 1958 ರ ಕಾಯ್ದೆಯಲ್ಲೇ ತಪ್ಪು. ವಿಪರೀತ ಬಡ್ಡಿಯ ವಿರುದ್ಧ 2012 ರಲ್ಲಿ ಬೇರೆಯೇ ಕಾಯ್ದೆ ಬಂತು. 2014 ರಲ್ಲಿ ಆಪರೇಷನ್ ಕುಬೇರ ಅಂತ ರಾಜ್ಯ ಇಡೀ ದಾಳಿ ಆಯಿತು. ನಿಮ್ಮ ಕತೆ ಆ ವರ್ಷದ್ದಾದರೆ ದಾದಾ ಕಪಾಟಿನಲ್ಲಿದ್ದ ಚೆಕ್ಕುಗಳನ್ನು ಯಾರ ಮನೆಗೆ ಸಾಗಿಸಿದ ಅಂತ ಬರೆಯಿರಿ. ಒಂದು ಒಳ್ಳೆ ಅಧ್ಯಾಯ ಅದು.

ಅವನ ದಿನಚರಿ

ಸಿನಿಮಾದ ದಾದಾ ಕೂತಲ್ಲೇ ಕೂತು ಊರು ಆಳುತ್ತಾನೆ. ನಮ್ಮವನಿಗೆ ಕೂರಲು ಪುರುಸೊತ್ತಿಲ್ಲ. ಕಾಸರಗೋಡಿನಲ್ಲಿ ಎರಡು ಕೇಸು, ನಮ್ಮ ಜಿಲ್ಲೆಯದೇ ಹೊಸದುರ್ಗದಲ್ಲಿ ಒಂದು, ಮಂಗಳೂರಿನಲ್ಲಿ ಒಂದು ಅಂದರೆ ತಿಂಗಳಲ್ಲಿ ಎಷ್ಟು ವಾಯಿದೆ ಲೆಕ್ಕ ಹಾಕಿ. ಹನ್ನೊಂದಕ್ಕೆ ಕೋರ್ಟು ಕೂರುತ್ತದೆ. ಹೆಸರು ಕರೆಯುವವರೆಗೆ ಹೊರಗೆ ನಿಲ್ಲಬೇಕು. ಒಳಗೆ ಅರ್ಧ ನಿಮಿಷ, ಮುಂದಿನ ವಾಯಿದೆ, ಹೊರಗೆ. ಪೇಟೆ ಇಡೀ ಹೆದರುವ ಮನುಷ್ಯ ಬೆಂಚ್ ಕ್ಲರ್ಕಿಗೆ ಕೈ ಮುಗಿಯುವುದನ್ನು ಒಂದು ಸಲ ಬಂದು ನೋಡಿ. ಮುಕ್ತ ಕೋರ್ಟು, ಯಾರೂ ಬಂದು ಕೂರಬಹುದು.

ಜಾಮೀನಿನ ಷರತ್ತು ಇದ್ದರೆ ಶನಿವಾರ ಹತ್ತರಿಂದ ಹನ್ನೊಂದರ ಒಳಗೆ ಸ್ಟೇಷನ್ನಿನಲ್ಲಿ ಸಹಿ. ಪಾಸ್‌ಪೋರ್ಟ್ ಕೋರ್ಟಿನಲ್ಲಿ. ನಮ್ಮ ಊರಿನವನಿಗೆ ಈ ಎರಡನೆಯದು ಜೈಲಿಗಿಂತ ಜಾಸ್ತಿ ನೋವು. ಅಣ್ಣ ತಮ್ಮ, ಭಾವ, ಅರ್ಧ ಕ್ಲಾಸ್‌ಮೇಟುಗಳು ದುಬೈ, ಶಾರ್ಜಾದಲ್ಲಿ. ಇವನಿಗೆ ಕರ್ನಾಟಕದ ಗಡಿಯ ತಲಪಾಡಿ ದಾಟುವುದಷ್ಟೇ ವಿದೇಶ.

ಉಳಿದ ಹೊತ್ತು ಮದುವೆ, ಸಾವು, ಆಸ್ಪತ್ರೆ. ನಮ್ಮ ಕಡೆ ದೊಡ್ಡ ಕಾಯಿಲೆ ಅಂದರೆ ಮಂಗಳೂರೇ. ರಾತ್ರಿ ಹನ್ನೆರಡಕ್ಕೆ ಆಂಬ್ಯುಲೆನ್ಸ್, ಬಿ ನೆಗೆಟಿವ್ ರಕ್ತ, ವಾರ್ಡಿನಲ್ಲಿ ಒಂದು ಹಾಸಿಗೆ ಅಂತ ಫೋನ್ ಮಾಡಿದರೆ ಎತ್ತುವವನು ಇವನು. ಅದಕ್ಕೇ ಜನ ಸಾಕ್ಷಿ ಹೇಳುವುದಿಲ್ಲ. ಹೆದರಿಕೆ ಅರ್ಧ, ಋಣ ಅರ್ಧ. 2020 ರ ಮಾರ್ಚಿನಲ್ಲಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ ದಿನಗಳು ನೆನಪಿದೆಯಲ್ವಾ? ಮಂಗಳೂರಿಗೆ ಹೋಗಲಾಗದೆ ರೋಗಿಗಳು ತೀರಿಕೊಂಡರು. ಆ ವಾರ ಇಂಥವನ ಫೋನ್ ಹೇಗೆ ಹೊಡೆದುಕೊಂಡಿರಬಹುದು, ಅವನು ಏನಂತ ಉತ್ತರ ಕೊಟ್ಟಿರಬಹುದು? ಯಾರೂ ಇನ್ನೂ ಬರೆದಿಲ್ಲ. ನೀವು ಬರೆಯಿರಿ.

ಮಾತು

ಮನೆಯಲ್ಲಿ ತುಳು, ಶಾಲೆ ಕನ್ನಡ ಮೀಡಿಯಂ, ಹುಡುಗರ ಜೊತೆ ಮಲಯಾಳ, ಮೀನು ಮಾರ್ಕೆಟ್ಟಿನಲ್ಲಿ ಬ್ಯಾರಿ. 1956 ರಲ್ಲಿ ತಾಲೂಕು ಕೇರಳಕ್ಕೆ ಹೋಯಿತು, 1984 ರಲ್ಲಿ ಜಿಲ್ಲೆ ಆಯಿತು, ಪೊಲೀಸರ ಕಾಗದ ಮಲಯಾಳದಲ್ಲೇ ಬರುತ್ತದೆ. ಏಳನೇ ಕ್ಲಾಸಿಗೆ ಕನ್ನಡ ಶಾಲೆ ಬಿಟ್ಟವನಿಗೆ ತನ್ನದೇ ಎಫ್‌ಐಆರ್ ಓದಲು ಬರುವುದಿಲ್ಲ. 'ಇದರಲ್ಲಿ ಎಂತ ಬರೆದದ್ದು ಗುಮಾಸ್ತರೇ, ಸ್ವಲ್ಪ ಹೇಳಿ' ಅಂತ ಕೇಳಿ, ತಾನು ಮಾಡಿದ್ದನ್ನು ಬೇರೆಯವರ ಬಾಯಲ್ಲಿ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾನೆ. ನಡುವೆ 'ಅಷ್ಟೆಲ್ಲ ಇಲ್ಲ' ಅನ್ನುತ್ತಾನೆ.

ಬೆದರಿಕೆಗೆ ಬೈಗಳು ಬೇಡ. ಅವನು ಅಂಗಡಿಗೆ ಬರುತ್ತಾನೆ, ಸುಲೈಮಾನಿ ಚಾ ಕುಡಿಯುತ್ತಾನೆ, ಹಣ ಕೊಡುತ್ತಾನೆ. ಏಳುವಾಗ ಕೇಳುತ್ತಾನೆ. 'ಮಗಳು ಈಗ ಎಂಟನೇ ಕ್ಲಾಸಲ್ವಾ ಅಣ್ಣ? ಬಸ್ಸಿಗೇ ಹೋಗುವುದಾ?' ಅಷ್ಟೇ. ಇದನ್ನು ಕೇಸಿನಲ್ಲಿ ಬರೆದರೆ ಕುಶಲೋಪರಿ. ಕೇಳಿಸಿಕೊಂಡವನಿಗೆ ಆ ರಾತ್ರಿ ನಿದ್ದೆ ಇಲ್ಲ.

ಹೆಸರಿನ ಮುಂದೆ ಅಡ್ಡಹೆಸರು ಇರಲಿ, ಎಫ್‌ಐಆರ್‌ನಲ್ಲೂ ಅದು ಬರುತ್ತದೆ. ಅದು ಹುಲಿ, ಸಿಂಹ ಆಗುವುದು ಬೇಡ. ಓಡಿಸುತ್ತಿದ್ದ ಗಾಡಿಯಿಂದಲೋ ಅಪ್ಪ ಮಾಡುತ್ತಿದ್ದ ಕೆಲಸದಿಂದಲೋ ಬಂದದ್ದಾಗಿರಲಿ. ಫ್ಲೆಕ್ಸಿನಲ್ಲಿ ಮಾತ್ರ ಅವನು 'ಯುವ ಉದ್ಯಮಿ, ಸಮಾಜಸೇವಕ'. ಮನೆ ಹೆಂಡತಿಯ ಹೆಸರಿನಲ್ಲಿ, ಮುಂದಿನ ಗೋಡೆಗೆ ಗ್ರಾನೈಟ್, ಹಿಂದಿನ ಗೋಡೆಗೆ ಇನ್ನೂ ಸಾರಣೆ ಆಗಿಲ್ಲ. ಇನ್ನೊಂದು ಮಾತು, ದಾದಾನನ್ನು ಒಂದು ಜಾತಿಗೋ ಧರ್ಮಕ್ಕೋ ಕಟ್ಟಿಹಾಕಬೇಡಿ. ನಮ್ಮ ಕಡೆಯ ಆರೋಪಿಗಳ ಪಟ್ಟಿ ತೆಗೆದು ನೋಡಿ, ಎಲ್ಲ ತರದ ಹೆಸರೂ ಒಟ್ಟಿಗೆ ಸಾಲಾಗಿ ಇರುತ್ತವೆ. ಆ ವಿಷಯದಲ್ಲಿ ಸೌಹಾರ್ದಕ್ಕೆ ಕೊರತೆ ಇಲ್ಲ.

ಕಾನೂನಿನಲ್ಲಿ ಎಡವಬೇಡಿ

2024 ರ ಜುಲೈ 1 ರ ಮೊದಲು ನಡೆದ ಕೃತ್ಯಕ್ಕೆ ಹಳೆಯ ಭಾರತೀಯ ದಂಡ ಸಂಹಿತೆ (ಐಪಿಸಿ), ಆಮೇಲಿನದಕ್ಕೆ ಹೊಸ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್). ಕೊಲೆಯತ್ನ 307 ಇದ್ದದ್ದು 109 ಆಯಿತು, ಕೊಲೆ 302 ಇದ್ದದ್ದು 103, ಸುಲಿಗೆ ಈಗ 308. ಜಗಲಿಯಲ್ಲಿ ಹಳಬರು ಇನ್ನೂ '307' ಅಂತಲೇ ಹೇಳುತ್ತಾರೆ, ಆ ಮಾತು ಹಾಗೇ ಬರಲಿ. ಸಂಘಟಿತ ಅಪರಾಧಕ್ಕೆ ಈಗ 111 ಅಂತ ಬೇರೆ ಸೆಕ್ಷನ್ ಇದೆ, ಕನಿಷ್ಠ ಐದು ವರ್ಷ ಶಿಕ್ಷೆ. ಸಣ್ಣಪುಟ್ಟ ಗ್ಯಾಂಗಿಗೆ 112.

'ರೌಡಿ ಶೀಟ್' ಅಂತ ಬರೆದುಬಿಡುತ್ತಾರೆ. ಅದು ಕರ್ನಾಟಕದ ಕಡೆಯ ಮಾತು. ಇಲ್ಲಿ ಜನ ಹೆದರುವುದು ಕಾಪಾಕ್ಕೆ, ಸಮಾಜವಿರೋಧಿ ಚಟುವಟಿಕೆ ತಡೆಯುವ 2007 ರ ಕೇರಳ ಕಾಯ್ದೆ. ಅದರಲ್ಲಿ ಎರಡು ದಾರಿ. ಕಲೆಕ್ಟರ್ ಆದೇಶ ಮಾಡಿದರೆ ವಿಚಾರಣೆ ಇಲ್ಲದೆಯೇ ಬಂಧನ. ಪೊಲೀಸ್ ಡಿಐಜಿ ಆದೇಶ ಮಾಡಿದರೆ ಒಂದು ವರ್ಷದವರೆಗೆ ಜಿಲ್ಲೆಗೆ ಕಾಲಿಡುವಂತಿಲ್ಲ. ಗಡಿಪಾರು ಅಂದ ಕೂಡಲೇ ಹುಡುಗರು ಕಾಡುಮೇಡು ಅಲೆಯುವ ಸೀನು ಬರೆಯುತ್ತಾರೆ. ಮಂಜೇಶ್ವರದವನಿಗೆ ಕಾಸರಗೋಡು ಜಿಲ್ಲೆ ನಿಷೇಧ ಅಂದರೆ ಅವನು ಗಡಿಯಾಚೆ ಕರ್ನಾಟಕದ ತೊಕ್ಕೊಟ್ಟಿನಲ್ಲಿ ರೂಮು ಮಾಡುತ್ತಾನೆ. ಹೆಂಡತಿ ಬಸ್ಸಿನಲ್ಲಿ ಮೀನು ಸಾರು ತಂದು ಕೊಟ್ಟು ಹೋಗುತ್ತಾಳೆ. ಹತ್ತಿರದವರ ಮದುವೆಯ ಧ್ವನಿವರ್ಧಕ ತಲಪಾಡಿಯವರೆಗೆ ಬಂದು ನಿಂತರೆ ಕೇಳಿಸುತ್ತದೆ, ಹೋಗಲಿಕ್ಕಾಗದು.

ಕತೆ ಜತ್ತ, ಅಕ್ಕಲಕೋಟೆಯಲ್ಲಿ ನಡೆಯುವುದಾದರೆ ಅಲ್ಲಿ ಮೋಕಾ, ಮಹಾರಾಷ್ಟ್ರದ 1999 ರ ಸಂಘಟಿತ ಅಪರಾಧ ಕಾಯ್ದೆ. ಹೊಸೂರು, ತಾಳವಾಡಿಯಾದರೆ ತಮಿಳುನಾಡಿನ 1982 ರ ಗೂಂಡಾ ಕಾಯ್ದೆ. ಆ ಕಡೆಯ ಗುಮಾಸ್ತರನ್ನು ಕೇಳಿ, ನನ್ನನ್ನಲ್ಲ.

ಅವನನ್ನು ಮುಗಿಸುವುದು ಹೇಗೆ

ಗುಂಡು ಹೊಡೆಸಬೇಡಿ. ಕಡಿಸಲೂ ಬೇಡಿ. ಅಂಥದ್ದು ನಡೆಯುವುದೇ ಇಲ್ಲ ಅಂತ ಅಲ್ಲ, ಪೇಪರಿನಲ್ಲಿ ಬರುತ್ತದೆ. ಆದರೆ ಹೆಚ್ಚಿನವರು ಮುಗಿಯುವುದು ಇನ್ನೊಂದು ತರ.

ಜಾಮೀನು ಸಿಕ್ಕರೆ ಸಾಲದು, ಇಬ್ಬರು ಜಾಮೀನುದಾರರು ಬೇಕು. ಅವರ ಆಧಾರ್, ಜೊತೆಗೆ ಜಾಗದ ತೀರ್ವೆ (ಭೂಕಂದಾಯ) ಕಟ್ಟಿದ ಈ ವರ್ಷದ ರಶೀದಿ. ಅದೇ ರಶೀದಿ ಬೇರೆ ಕೇಸಿನಲ್ಲಿ ಕೊಟ್ಟಿರಬಾರದು. ದಾದಾ ಬೆಳೆಯುವ ಕಾಲದಲ್ಲಿ ಜನ ರಶೀದಿ ಹಿಡಿದು ಸಾಲು ನಿಲ್ಲುತ್ತಾರೆ. ಇಳಿಯುವ ಕಾಲ ಬಂದದ್ದು ನಮಗೆ ಮೊದಲು ಗೊತ್ತಾಗುತ್ತದೆ, ಪೊಲೀಸರಿಗಿಂತ ಮೊದಲು.

ಆ ಸೀನು ಹೀಗೆ ಬರೆಯಿರಿ. ಮಧ್ಯಾಹ್ನ ಮೂರು ಗಂಟೆ. ನಾಲ್ಕೂವರೆಯೊಳಗೆ ಕಾಗದ ಒಳಗೆ ಹೋಗದಿದ್ದರೆ ಅವನು ಇವತ್ತು ರಾತ್ರಿ ಜೈಲಿನಲ್ಲೇ. ಗುಮಾಸ್ತನ ಮೇಜಿನ ಎದುರು ದಾದಾನ ಹೆಂಡತಿ ಕೂತಿದ್ದಾಳೆ, ಕೈಯಲ್ಲಿ ಫೋನು. ಮೊದಲನೆಯವನು 'ರಶೀದಿ ಸೊಸೈಟಿಯಲ್ಲಿ ಉಂಟು ಅಕ್ಕ, ಅಡಿಕೆ ಸಾಲಕ್ಕೆ ಇಟ್ಟದ್ದು' ಅನ್ನುತ್ತಾನೆ. ಎರಡನೆಯವನು ಮಂಗಳೂರಿನಲ್ಲಿದ್ದಾನಂತೆ, ಹಿಂದೆ ಅವನದೇ ಅಂಗಡಿಯ ಗ್ರೈಂಡರ್ ಶಬ್ದ ಕೇಳುತ್ತಿದೆ. ಮೂರನೆಯದು ರಿಂಗ್ ಆಗಿ ನಿಲ್ಲುತ್ತದೆ. ಯಾರೂ ಬೈಯಲಿಲ್ಲ, ಯಾರೂ ಎದುರು ಮಾತಾಡಲಿಲ್ಲ. ಬಸ್‌ಸ್ಟಾಪಿನ ಆ ಹುಡುಗ ಇದ್ದನಲ್ಲ, ಈಗ ಅವನಿಗೆ ಇಪ್ಪತ್ತೆಂಟು. ಹೊರಗೆ ಹೊಸ ಥಾರ್‌ನಲ್ಲಿ ಕೂತಿದ್ದಾನೆ. ಅವನ ಹತ್ತಿರ ಎರಡು ರಶೀದಿ ಇವೆ. ಕೊಡುತ್ತಾನೋ ಇಲ್ಲವೋ ಅನ್ನುವುದು ನಿಮಗೆ ಬಿಟ್ಟದ್ದು. ಕೊಟ್ಟರೂ ದಾದಾ ಮುಗಿದ ಹಾಗೆಯೇ, ಇನ್ನು ಮುಂದೆ ಅವನು ಆ ಹುಡುಗನ ಋಣದಲ್ಲಿ.

ಬರೆದಾದ ಮೇಲೆ ಕೋರ್ಟಿನ ಪುಟಗಳನ್ನು ಯಾರಾದರೂ ಕಿರಿಯ ವಕೀಲರಿಗೆ ತೋರಿಸಿ. ಊಟದ ಹೊತ್ತಿಗೆ ಬನ್ನಿ, ಬೆಳಿಗ್ಗೆ ಹೆಸರು ಕರೆಯುವ ಗಡಿಬಿಡಿಯಲ್ಲಿ ಯಾರೂ ಮುಖ ಎತ್ತಿ ನೋಡುವುದಿಲ್ಲ. ಪ್ರಿಂಟು ತನ್ನಿ, ಮೊಬೈಲಿನಲ್ಲಿ ತೋರಿಸಬೇಡಿ. ಚಾ, ಗೋಳಿಬಜೆ ನಿಮ್ಮ ಖರ್ಚು.